ಮೊದಲು ಕಾಫಿ, ಆಮೇಲೆ ಸಮಾಚಾರ

ಅಲ್ ಅಜೈಬಾ

ಒಮಾನ್‌ಗೆ ನಾನು ಊರು ನೋಡಲು ಹೋದವಳಲ್ಲ, ಒಬ್ಬ ಹುಡುಗಿಯನ್ನು ಕರೆತರಲು ಹೋದವಳು. ಹಾಗಾಗಿ ಕೋಟೆ ಎಷ್ಟು ದೊಡ್ಡದು, ಮಸೀದಿಯ ತೂಗುದೀಪ ಎಷ್ಟು ಭಾರ ಎಂದೆಲ್ಲ ನನ್ನನ್ನು ಕೇಳಬೇಡಿ. ಅವನ್ನೂ ನೋಡಿದೆ, ಚೆನ್ನಾಗಿದ್ದವು. ಊರಿಗೆ ಬಂದ ಮೇಲೂ ಕಣ್ಣಿಗೆ ಕಟ್ಟಿದಂತಿರುವುದು ಸಮುದ್ರದ ಪಕ್ಕದ ಒಂದು ಕಲ್ಲುದಾರಿ, ಅದರ ಕೊನೆಯಲ್ಲಿದ್ದ ಹಳೆಯ ಕಾವಲು ಗೋಪುರ, ಆ ಗೋಪುರದ ನೆರಳಲ್ಲಿ ಕೂತು ನಾನು ಕುಡಿದ ಮಿತಿಮೀರಿದ ಕಾಫಿ.

ನನ್ನ ತಂಗಿ ವಿನುತಾ ಮದುವೆಯಾಗಿ ಮಸ್ಕತ್‌ಗೆ ಹೋದವಳು ಅಲ್ಲೇ ನೆಲೆ ನಿಂತಿದ್ದಳು. ಅವಳ ಗಂಡ ಪ್ರಕಾಶ ಸೊಹಾರ್‌ನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಇವಳು ಸೀಬ್‌ನ ಇಂಡಿಯನ್ ಸ್ಕೂಲಿನಲ್ಲಿ ಗಣಿತದ ಟೀಚರ್. ಒಬ್ಬಳೇ ಮಗಳು ಸಿಂಚನಾ, ಹುಟ್ಟಿ ಬೆಳೆದದ್ದೆಲ್ಲ ಮಸ್ಕತ್‌ನ ಅಲ್ ಅಜೈಬಾ ಬಡಾವಣೆಯ ಒಂದೇ ಮನೆಯಲ್ಲಿ. ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಎಣ್ಣೆಯ ಬೆಲೆ ಬಿತ್ತು. ಎಣ್ಣೆ ಬಿದ್ದರೆ ಉಕ್ಕಿಗೇನು ಎಂದು ನಾನು ಮೈಸೂರಿನಲ್ಲಿ ಕೂತು ಜಾಣತನದ ಪ್ರಶ್ನೆ ಕೇಳಿದ್ದೆ. ಹೋಗಿ ನೋಡಿದರೆ ಎಲ್ಲಕ್ಕೂ ಪೆಟ್ಟು ಬಿದ್ದಿತ್ತು. ಬೀದಿಯ ಉದ್ದಕ್ಕೂ ಮಾರಾಟಕ್ಕಿಟ್ಟ ಕಾರುಗಳು. ಅಂಗಡಿಯ ಗಾಜಿನ ಮೇಲೆ ಮಂಚ, ಫ್ರಿಜ್, ಮಗುವಿನ ಸೈಕಲ್ ಮಾರುವ ಚೀಟಿಗಳು. ಅಕ್ಕಪಕ್ಕದ ಮನೆಗಳಲ್ಲಿ ಮಾತೆಲ್ಲ ಒಂದೇ, ಯಾರು ಹೊರಟರು, ಯಾರು ಉಳಿದರು.

ಪ್ರಕಾಶನ ಕಂಪನಿ ಕೆಲಸ ಉಳಿಸಿತು, ಆದರೆ ಸಂಸಾರ ಇಟ್ಟುಕೊಳ್ಳುವ ಸೌಲಭ್ಯ ಕಿತ್ತುಕೊಂಡಿತು. ಅವನು ಸೊಹಾರ್‌ನಲ್ಲಿ ಬ್ಯಾಚುಲರ್‌ಗಳ ಕೋಣೆ ಸೇರಬೇಕು. ವಿನುತಾ ಸೀಬ್‌ನಲ್ಲಿ ಇನ್ನಿಬ್ಬರು ಟೀಚರ್‌ಗಳ ಜೊತೆ ಇರಬೇಕು. ಹತ್ತನೇ ತರಗತಿ ಮುಗಿಸುತ್ತಿದ್ದ ಸಿಂಚನಾ ಪಿಯುಸಿಗೆ ಮೈಸೂರಿಗೆ, ನನ್ನ ಹತ್ತಿರ ಬರಬೇಕು. ಇದೆಲ್ಲ ದೊಡ್ಡವರು ಫೋನಿನಲ್ಲಿ ಮಾಡಿದ ಏರ್ಪಾಡು. ಹುಡುಗಿ ಮಾತ್ರ ಹ್ಞೂಂ ಅಂದಿರಲಿಲ್ಲ, ಊಹ್ಞೂಂ ಅಂತಲೂ ಅಂದಿರಲಿಲ್ಲ.

ಏರ್‌ಪೋರ್ಟಿನಿಂದ ಮನೆಗೆ ಬರುವಾಗಲೇ ವಿನುತಾ ನನಗೆ ಜವಾಬ್ದಾರಿ ಹೊರಿಸಿಬಿಟ್ಟಳು. "ನೀನೇ ಅವಳ ಹತ್ರ ಮಾತಾಡಕ್ಕ. ನಾನು ಕೇಳಿದ್ರೆ ಅಳು ಬರತ್ತೆ, ಅವಳಿಗಲ್ಲ, ನನಗೆ. ಅವಳಿಗೆ ಇಷ್ಟ ಇಲ್ಲ ಅಂದ್ರೆ ಬಲವಂತ ಬೇಡ, ಯಾವುದಾದ್ರೂ ಹಾಸ್ಟೆಲ್ ನೋಡ್ತೀವಿ."

ಹಾಸ್ಟೆಲ್ ಎಂಬ ಮಾತು ನನಗೆ ಹಿಡಿಸಲಿಲ್ಲ. ನಾನು ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ಜೋಡಿಸಿ ರಿಟೈರಾದವಳು, ಮನೆಗೆ ಬಂದರೆ ಮಾತಾಡಲು ರೇಡಿಯೋ ಬಿಟ್ಟರೆ ಇನ್ನೊಬ್ಬರಿಲ್ಲ. ಈ ಹುಡುಗಿ ಬರುತ್ತಾಳೆಂದು ಗೊತ್ತಾದ ದಿನವೇ ಹಿಂದಿನ ಕೋಣೆಯ ಹಳೆ ಸಾಮಾನೆಲ್ಲ ಖಾಲಿ ಮಾಡಿಸಿ ಬಣ್ಣ ಹೊಡೆಸಿದ್ದೆ. ಗಿಳಿ ಹಸಿರು. ಎಷ್ಟು ಮುದ್ದಾಗಿ ಬಂದಿತ್ತು ಅಂತೀರಿ!

ಸರಿ, ಬಂದ ಮರುದಿನವೇ ತಿಂಡಿಯ ಹೊತ್ತಿಗೆ ಕೇಳಿದೆ, ಮೈಸೂರಿಗೆ ಬರುತ್ತೀಯೇನಮ್ಮ ಎಂದು. "ಇಟ್ಸ್ ಫೈನ್, ದೊಡ್ಡಮ್ಮ" ಅಂದಳು. ಸಂಜೆ ಕೇಳಿದೆ, ಮತ್ತೆ ಫೈನ್. ದೋಸೆ ಇನ್ನೊಂದು ಹಾಕಲಾ ಎಂದರೂ ಫೈನ್, ಬೇಡವಾ ಎಂದರೂ ಫೈನ್. ಈ ಒಂದು ಪದ ಹಿಡಿದುಕೊಂಡು ನಾನು ಏನೆಂದು ತಿಳಿಯಲಿ?

ಅವಳ ನಿಜವಾದ ಮಾತು ಕೆಳಗಿನ ಮನೆಯಲ್ಲಿತ್ತು. ಅಲ್ಲಿ ಮನೆಯ ಒಡೆಯರಾದ ಒಮಾನಿ ಸಂಸಾರ, ಆ ಮನೆಗೊಬ್ಬರು ಅಜ್ಜಿ. ವಿನುತಾ ಸ್ಕೂಲಿನಿಂದ ಬರುವುದು ತಡವಾದ ದಿನಗಳಲ್ಲೆಲ್ಲ ಈ ಹುಡುಗಿ ಬೆಳೆದದ್ದು ಆ ಅಜ್ಜಿಯ ಮಗ್ಗುಲಲ್ಲಿ. ಅರಬ್ಬಿಯನ್ನು ಪಟಪಟ ಆಡುತ್ತಿದ್ದಳು. ಮೇಲೆ ಮೂಗಿಯ ಹಾಗೆ ಕೂತಿರುವವಳು ಕೆಳಗೆ ನಗುವುದು ಮೆಟ್ಟಿಲವರೆಗೂ ಕೇಳುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಅಜ್ಜಿಯೇ ಒಂದು ದಿನ ಹಲ್ವಾದ ಡಬ್ಬಿಯೊಂದನ್ನು ದಾರದಲ್ಲಿ ಬಿಗಿದು ಸಿಂಚನಾಳ ಕೈಗೆ ಕೊಟ್ಟರು. ಅವರ ತಂಗಿ ಮಸ್ಕತ್‌ನ ಆಚೆ ಒಂದು ಮೀನುಗಾರರ ಹಳ್ಳಿಯಲ್ಲಿ, ಕಾವಲು ಗೋಪುರದ ಬುಡದಲ್ಲೇ ಇದ್ದಾರೆ, ಊರು ಬಿಡುವ ಮುಂಚೆ ಹೋಗಿ ಹೇಳಿ ಬಾ ಎಂದು. ಪ್ರತಿ ಚಳಿಗಾಲ ಅಪ್ಪ, ಮಗಳು ಸಮುದ್ರದ ದಂಡೆಯ ಗುಡ್ಡದಾರಿ ಹಿಡಿದು ಆ ಗೋಪುರಕ್ಕೆ ನಡೆದು ಹೋಗುತ್ತಿದ್ದರಂತೆ. ಈ ಸಲ ಪ್ರಕಾಶನಿಗೆ ರಜೆ ಸಿಗಲಿಲ್ಲ. ನಾನು ಬರುತ್ತೇನೆ ಅಂದೆ. ಗುಡ್ಡದ ಮೇಲೆ ನಾವಿಬ್ಬರೇ, ಅಲ್ಲಿ ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾಳೆ ಎಂಬುದು ನನ್ನ ಎಣಿಕೆ.

ಡಾಂಬರು ಮುಗಿಯುವಲ್ಲಿ

ಶುಕ್ರವಾರ ಬೆಳಿಗ್ಗೆ ವಿನುತಾ ಕಾರಿನಲ್ಲಿ ನಮ್ಮನ್ನು ಕರೆದುಕೊಂಡು ಹೊರಟಳು. ಪೆಟ್ರೋಲ್ ಬಂಕಿನಲ್ಲಿ ಅವಳು ಬೆಲೆ ನೋಡಿ ನಿಟ್ಟುಸಿರು ಬಿಟ್ಟಾಗ ನನಗೆ ನಗು ಬಂತು. ಎಣ್ಣೆ ಬಾವಿಯ ನಾಡಿಗೆ ಬಂದು ಮೈಸೂರಿನದೇ ನಿಟ್ಟುಸಿರು ಕೇಳಿದೆನಲ್ಲ ಎಂದು.

ಈ ದೇಶದ ಬೆಟ್ಟಗಳು ಬಟ್ಟೆಯನ್ನೇ ಉಟ್ಟಿಲ್ಲ. ಒಂದು ಗಿಡವಿಲ್ಲ, ಒಂದು ಎಲೆಯಿಲ್ಲ, ಬರೀ ಕಂದು ಕಲ್ಲು. ಎರಡು ಬೆಟ್ಟಗಳ ನಡುವೆ ಇದ್ದಕ್ಕಿದ್ದಂತೆ ನೀಲಿ ಕಾಣಿಸುತ್ತದೆ, ಅದೇ ಸಮುದ್ರ. ಡಾಂಬರು ರಸ್ತೆ ಒಂದು ಸಣ್ಣ ಕೊಲ್ಲಿಯ ದಡದಲ್ಲಿ ಮುಗಿದುಹೋಯಿತು. ಕೊಲ್ಲಿಯ ಆಚೆ ದೂರದ ಗುಡ್ಡದ ಮೂಗಿನ ಮೇಲೆ ಗುಂಡಗೆ ಏನೋ ಕಂಡಿತು. ಅದೇ ಗೋಪುರ ಎಂದಳು ಸಿಂಚನಾ.

ವಿನುತಾಳ ಕಾಲು ಉಳುಕಿತ್ತು. ಅವಳು ಉತ್ತರಪತ್ರಿಕೆಗಳ ಕಟ್ಟು, ಫ್ಲಾಸ್ಕು ಹಿಡಿದು ಬೆಸ್ತರ ಚಪ್ಪರದ ಕೆಳಗೆ ಕೂತಳು. ನನ್ನ ಚಪ್ಪಲಿ ನೋಡಿ, ಇದರಲ್ಲಿ ಆಗಲ್ಲ ಎಂದು ಡಿಕ್ಕಿಯಿಂದ ತನ್ನ ಬೂಟು ತೆಗೆದುಕೊಟ್ಟಳು. ಎಂದೋ ಕೊಂಡದ್ದು, ಒಂದು ಗೀರೂ ಇರಲಿಲ್ಲ. ಚಾಮುಂಡಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವವಳಿಗೆ ಬೂಟು ಯಾಕೆ ಎಂದು ಕೊಚ್ಚಿಕೊಂಡೇ ಹಾಕಿಕೊಂಡೆ. ಹೊರಡುವಾಗ ವಿನುತಾ ನನ್ನ ಕೈಯನ್ನು ಒಮ್ಮೆ ಒತ್ತಿದಳು. ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ಬಣ್ಣದ ಪಟ್ಟಿಗಳ ದಾರಿ

ದಾರಿ ಎಂದರೆ ದಾರಿಯಲ್ಲ. ಬಂಡೆಗಳ ಮೇಲೆ ಅಲ್ಲಲ್ಲಿ ಬಳಿದ ಬಣ್ಣದ ಪಟ್ಟಿ, ಅದನ್ನು ಹುಡುಕಿಕೊಂಡು ಹೆಜ್ಜೆ ಇಡಬೇಕು. ಚಾಮುಂಡಿ ಬೆಟ್ಟದಲ್ಲಿ ಮೆಟ್ಟಿಲಿವೆ, ನೆರಳಿದೆ, ಸುಸ್ತಾದರೆ ನಿಂತು ಮಾತಾಡಲು ಪರಿಚಯದವರು ಸಿಗುತ್ತಾರೆ. ಇಲ್ಲಿ ಸಿಕ್ಕಿದ್ದು ಮೇಕೆಗಳು. ಅವು ನನ್ನನ್ನು ನೋಡಿದ ನೋಟದಲ್ಲೇ ನನ್ನ ಕೊಚ್ಚಿಕೊಳ್ಳುವಿಕೆ ಅರ್ಧ ಇಳಿಯಿತು. ಎಡಕ್ಕೆ ಕೆಳಗೆ ಸಮುದ್ರ, ತಳದ ಕಲ್ಲು ಕಾಣುವಷ್ಟು ತಿಳಿ.

ಸಿಂಚನಾ ಮುಂದೆ, ನಾನು ಹಿಂದೆ. ಒಂದು ಏರು ಕಳೆದ ಮೇಲೆ ಶುರುಮಾಡಿದೆ. ಮೈಸೂರಿನ ಕಾಲೇಜು ಮನೆಗೆ ಹತ್ತಿರ ಎಂದೆ. ಹೌದಾ ಅಂದಳು. ನಿನಗೆ ಬೇಸರವಾಗಲ್ಲ ಎಂದೆ. "ದೊಡ್ಡಮ್ಮ, ಆಮೆ ನೋಡಿ" ಅಂದಳು. ನಿಜವಾಗಿಯೂ ಆಮೆ, ನೀರಿನಿಂದ ಬೋಳು ತಲೆ ಎತ್ತಿ ಉಸಿರೆಳೆದು ಮುಳುಗಿತು. ಎಷ್ಟು ಚೆಂದವಿತ್ತೆಂದರೆ ಕೇಳಿದ್ದೇ ಮರೆತುಹೋಯಿತು. ಮುಂದಿನ ತಿರುವಿನಲ್ಲಿ ನೆನಪಾಗಿ ಬಾಯಿ ತೆಗೆದೆ, ಅಷ್ಟರಲ್ಲಿ ನನ್ನ ಬಲಗಾಲಿನ ಬೂಟೂ ಬಾಯಿ ತೆಗೆಯಿತು.

ವರ್ಷಗಟ್ಟಲೆ ಕಾರಿನ ಡಿಕ್ಕಿಯಲ್ಲಿ ಬೆಂದು ಅಂಟು ಪುಡಿಯಾಗಿದ್ದ ಬೂಟು. ಅಟ್ಟೆ ಪೂರ್ತಿ ಕಳಚಿ ಹಿಮ್ಮಡಿಯಲ್ಲಿ ಜೋತಾಡುತ್ತಿತ್ತು. ನಾನು ಬಂಡೆಯ ಮೇಲೆ ಕೂತುಬಿಟ್ಟೆ. ಅಯ್ಯೋ ದೇವರೇ, ಹಿಂದೆ ಹೋಗಲೂ ಅಷ್ಟೇ ದೂರ, ಮುಂದೆ ಹೋಗಲೂ ಅಷ್ಟೇ ದೂರ. ಹುಡುಗಿ ನನ್ನ ಮುಂದೆ ಮಂಡಿಯೂರಿ ಹಲ್ವಾ ಡಬ್ಬಿಯ ದಾರ ಬಿಚ್ಚಿದಳು. ಅದರಿಂದ ಬೂಟನ್ನು ನನ್ನ ಪಾದಕ್ಕೆ ಸುತ್ತಿ ಸುತ್ತಿ ಕಟ್ಟಿದಳು. ನೋಯ್ತಿದೆಯಾ, ಟೈಟಾಯ್ತಾ ಎಂದು ಕೇಳುತ್ತಾ ಕಟ್ಟಿದಳು. ನಾನು ಬಂದ ಮೇಲೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆಗಳು ಅವು. ಅವಳ ಬೈತಲೆ ನನ್ನ ಕಣ್ಣ ಕೆಳಗೇ ಇತ್ತು, ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ.

ಕಟ್ಟಿ ಮುಗಿಸಿ ಎದ್ದವಳು, ಒಂದು ವಿಷಯ ಹೇಳಬೇಕು ಅಂದಳು. ಅಂತೂ ಬಾಯಿಬಿಟ್ಟಳಲ್ಲ ಅಂದುಕೊಂಡೆ.

"ಅಲ್ಲಿ ಹೋಗಿ ನನ್ನನ್ನ ಕೇಳಿದ ಹಾಗೆ ಅವರನ್ನ ಕೇಳ್ಬೇಡಿ, ದೊಡ್ಡಮ್ಮ. ಗಂಡ ಏನ್ಮಾಡ್ತಾರೆ, ಮಕ್ಕಳೆಷ್ಟು ಅಂತೆಲ್ಲ. ಅಲ್ಲಿ ಅವರೇ ನಿಮ್ಮನ್ನ ಉಲೂಮ್ ಕೇಳ್ತಾರೆ. ಅಂದ್ರೆ ಸಮಾಚಾರ. ನೀವು 'ಮಾ ಶೈ' ಅನ್ಬೇಕು, ಏನಿಲ್ಲ ಅಂತ."

ಸಮಾಚಾರ ಇದ್ದರೂ ಏನಿಲ್ಲ ಅನ್ನಬೇಕಾ ಎಂದೆ.

ಇದ್ದರೂ ಹಾಗೇ ಅನ್ನಬೇಕಂತೆ. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಏನಿಲ್ಲ. ಖರ್ಜೂರ ತಿಂದು, ಕಾಫಿ ಕುಡಿದು, ಬಂದವರ ದಣಿವಾರಿದ ಮೇಲೆ ಇನ್ನೊಮ್ಮೆ ಕೇಳುತ್ತಾರೆ. ಆಗ ಹೇಳುವುದೇ ನಿಜವಾದ ಸಮಾಚಾರ. ಹಳೆಯ ಕಾಲದವರು ಈಗಲೂ ಹೀಗೇ, ಕೆಳಗಿನ ಮನೆ ಅಜ್ಜಿ ಕಲಿಸಿದ್ದು ಎಂದಳು. ಯೋಚಿಸಿದರೆ ನಮ್ಮಲ್ಲೂ ಇರುವುದೇ. ದಾರಿಯಲ್ಲಿ ಸಿಕ್ಕವರು ಏನ್ ಸಮಾಚಾರ ಅನ್ನುತ್ತಾರೆ, ನಾವು ಏನಿಲ್ಲ ಅಂದು ಮುಂದೆ ಹೋಗುತ್ತೇವೆ. ಎರಡನೇ ಸಲ ಕೇಳುವ ಪುಣ್ಯಾತ್ಮರು ಮಾತ್ರ ನಮ್ಮಲ್ಲಿ ಕಡಿಮೆ. ನಾನಂತೂ ಅವಳನ್ನು ಒಂದು ವಾರದಿಂದ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದೆ.

ಗೋಪುರದ ನೆರಳು

ಗೋಪುರ ಹತ್ತಿರದಿಂದ ನೋಡಿದರೆ ನಮ್ಮ ಎರಡಂತಸ್ತಿನ ಮನೆಗಿಂತ ಎತ್ತರವಿಲ್ಲ. ಕಲ್ಲು, ಮಣ್ಣಿನ ಗಾರೆ, ಬಿಸಿಲಿಗೆ ಸುಟ್ಟ ಚಪಾತಿಯ ಬಣ್ಣ. ಸುತ್ತಲೂ ಒಂದು ಸುತ್ತು ಹಾಕಿದೆ, ಮೆಟ್ಟಿಲೇ ಇಲ್ಲ. ಬಾಗಿಲು ನನ್ನ ತಲೆಗಿಂತ ಮೇಲೆ ಗೋಡೆಯಲ್ಲಿ ಕೂತಿದೆ. ಒಳಗಿದ್ದ ಕಾವಲಿನವರು ಹಗ್ಗ ಇಳಿಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಎಂಥ ಜಾಣರಪ್ಪ ಅಂದುಕೊಂಡೆ. ನನ್ನ ಜೊತೆ ಬಂದವಳೂ ಬಾಗಿಲನ್ನು ಅಲ್ಲೇ ಇಟ್ಟುಕೊಂಡಿದ್ದಾಳೆ ಅಂತಲೂ ಅನಿಸಿತು.

ಅಜ್ಜಿಯ ತಂಗಿ ಉಮ್ಮ್ ಸಾಲಿಮ್ ನಮಗಾಗಿ ಗೋಪುರದ ನೆರಳಲ್ಲೇ ಚಾಪೆ ಹಾಸಿಟ್ಟಿದ್ದರು. ಉಮ್ಮ್ ಸಾಲಿಮ್ ಎಂದರೆ ಸಾಲಿಮನ ತಾಯಿ. ಅಲ್ಲಿ ದೊಡ್ಡವರನ್ನು ಮಕ್ಕಳ ಹೆಸರು ಹಿಡಿದು ಕರೆಯುವುದು ಗೌರವ. ಹಣೆ, ಮೂಗು ಮುಚ್ಚುವ ಗಟ್ಟಿ ಬಟ್ಟೆಯ ಮುಖವಾಡ ಕಟ್ಟಿದ್ದರು, ಆದರೂ ನಗುತ್ತಿದ್ದಾರೆಂದು ಕಣ್ಣಿನಲ್ಲೇ ತಿಳಿಯುತ್ತಿತ್ತು. ಸಿಂಚನಾಳನ್ನು ತಬ್ಬಿ, ನನ್ನ ಕೈ ಹಿಡಿದು, ನೀನು ಹೇಗೆ, ತಾಯಿ ಹೇಗೆ, ತಂದೆ ಹೇಗೆ, ಮನೆ ಹೇಗೆ ಎಂದು ಉದ್ದಕ್ಕೆ ವಿಚಾರಿಸಿ ಕಡೆಗೆ ಉಲೂಮ್ ಕೇಳಿದರು. ಸಿಂಚನಾ ಮಾ ಶೈ ಎಂದಳು. ನಾನೂ ಪಾಠ ಒಪ್ಪಿಸುವವಳ ಹಾಗೆ ಮಾ ಶೈ ಎಂದೆ.

ಆಮೇಲೆ ಖರ್ಜೂರ, ಕಿತ್ತಳೆ ಹಣ್ಣು, ನಾವು ಒಯ್ದ ಹಲ್ವಾ. ಆಮೇಲೆ ಕಾಫಿ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಹಾಕಿದ ಹೊಂಬಣ್ಣದ ಕಷಾಯ. ಮೈಸೂರಿನವಳಿಗೆ ಅದನ್ನು ಕಾಫಿ ಅನ್ನಲು ಮನಸ್ಸು ಬರುವುದಿಲ್ಲ. ಹಿಡಿಯಿಲ್ಲದ ಪುಟ್ಟ ಬಟ್ಟಲು ಖಾಲಿ ಮಾಡಿದೆ, ತುಂಬಿಸಿದರು. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿಸಿದರು. ಉಳಿಸಿದರೆ ಅವಮಾನವಾದೀತೆಂದು ನಾನು ಕುಡಿಯುತ್ತಲೇ ಹೋದೆ, ಅವರು ಸುರಿಯುತ್ತಲೇ ಹೋದರು. ಹೊಟ್ಟೆ ಗುಳುಗುಳು ಎನ್ನತೊಡಗಿದಾಗ ಸಿಂಚನಾಳ ಕಡೆ ಬಾಗಿ ಮೆಲ್ಲಗೆ, ಸಾಕು ಅನ್ನುವುದು ಹೇಗೆ ಮಾರಾಯ್ತಿ ಎಂದೆ.

"ಬಟ್ಟಲನ್ನ ಹೀಗೆ ಅಲ್ಲಾಡಿಸ್ಬೇಕು."

ಮೊದಲೇ ಹೇಳೋಕೆ ಏನಾಗಿತ್ತು ಎಂದು ಗದರಿದೆ.

ಅವಳು ತಲೆ ತಗ್ಗಿಸಿದಳು. "ನೀವು ಕುಡೀತಾ ಇರೋವರೆಗೂ ಅವರು ಮತ್ತೆ ಸಮಾಚಾರ ಕೇಳಲ್ಲ. ಅದಕ್ಕೇ."

ಅಲ್ಲಿಯವರೆಗೆ ನಾನು ಅವಳನ್ನು ಹಟಮಾರಿ ಅಂದುಕೊಂಡಿದ್ದೆ. ಹಟವಲ್ಲ, ಆ ಮಗು ಹೆದರಿತ್ತು. ಬಾಯಿಬಿಟ್ಟು ಹೇಳಿದರೆ ಎಲ್ಲ ನಿಜವಾಗಿಬಿಡುತ್ತದೆ ಎಂದು ಹೆದರಿತ್ತು. ನಾನು ಬಟ್ಟಲನ್ನು ಅಲ್ಲಾಡಿಸಲಿಲ್ಲ, ಉಮ್ಮ್ ಸಾಲಿಮ್ ಮುಂದೆ ಚಾಚಿದೆ. ಅವರು ಸುರಿದರು, ಕುಡಿದೆ. ಮತ್ತೆ ಚಾಚಿದೆ. ಸಿಂಚನಾ ನನ್ನ ಮುಖವನ್ನೇ ನೋಡುತ್ತಿದ್ದವಳು ಆ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಅಲ್ಲಾಡಿಸಿ ತಟ್ಟೆಯಲ್ಲಿಟ್ಟಳು. "ಸಾಕು ದೊಡ್ಡಮ್ಮ" ಅಂದಳು.

ಉಮ್ಮ್ ಸಾಲಿಮ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಮಡಿಲಲ್ಲಿ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿ ಉಲೂಮ್ ಕೇಳಿದರು. ಬಂದ ಇಬ್ಬರಲ್ಲಿ ಹಿರಿಯಳು ನಾನಲ್ಲವೇ, ನನ್ನದೇ ಮೊದಲು.

ಅರಬ್ಬಿ ನನಗೆ ಬಾರದು, ಕನ್ನಡ ಅವರಿಗೆ ಬಾರದು. ಹೇಳಬೇಕಾದದ್ದೆಲ್ಲ ಈ ಹುಡುಗಿಯ ಬಾಯಿಂದಲೇ ಹಾದು ಹೋಗಬೇಕು. ಏನೋ ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಆದರೆ ಆ ಮುದುಕಿ ಎರಡನೇ ಸಲ ಕೇಳಿದ್ದರು. ನನ್ನನ್ನು ಯಾರಾದರೂ ಹಾಗೆ ಎರಡನೇ ಸಲ ಕೇಳಿ ಎಷ್ಟು ಕಾಲವಾಗಿತ್ತೋ.

"ಹೇಳಮ್ಮ ಅವರಿಗೆ" ಎಂದೆ. "ನಾನು ಊರಲ್ಲಿ ಒಬ್ಬಳೇ ಇರೋಳು. ಈ ಹುಡುಗೀನ ಕರ್ಕೊಂಡು ಹೋಗೋಕೆ ಬಂದಿದೀನಿ."

ಅವಳು ಅರಬ್ಬಿಯಲ್ಲಿ ಹೇಳಿದಳು. ಈ ಹುಡುಗಿ ಎನ್ನುವಲ್ಲಿ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅವಳಿಗೆ ಅಂತ ರೂಮಿಗೆ ಬಣ್ಣ ಹೊಡೆಸಿದೀನಿ. ಅವಳು ಬರಲ್ಲ ಅಂದ್ರೆ ಬೇಜಾರಿಲ್ಲ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದೀನಿ. ಅದು ಸುಳ್ಳು. ಆ ರೂಮಿನ ಬಾಗಿಲು ತೆಗೆಯೋಕೆ ನನಗೆ ಆಮೇಲೆ ಆಗಲ್ಲ. ಬಂದ್ರೂ ಭಯಾನೇ. ಮಕ್ಕಳನ್ನ ಸಾಕಿ ಗೊತ್ತಿಲ್ಲ ನನಗೆ, ಏನ್ ಕೇಳ್ಬೇಕು, ಯಾವಾಗ ಕೇಳ್ಬೇಕು ಗೊತ್ತಾಗಲ್ಲ."

ಕೆಳಗೆ ಯಾವುದೋ ದೋಣಿಯ ಮೋಟಾರು ಶುರುವಾಗಿ ನಿಂತಿತು. ಇಷ್ಟನ್ನೂ ಹೇಳಬೇಕಾ ಎಂದು ಸಿಂಚನಾ ಕೇಳಿದಳು. ಹೇಳಬೇಕು ಎಂದೆ. ಹೇಳಿದಳು, ತಡೆ ತಡೆದು, ಒಂದು ಪದವನ್ನೂ ಬಿಡಲಿಲ್ಲ ಅಂತ ಕಾಣುತ್ತದೆ, ಯಾಕೆಂದರೆ ನನ್ನದಕ್ಕಿಂತ ಅವಳದೇ ಉದ್ದವಾಯಿತು.

ಉಮ್ಮ್ ಸಾಲಿಮ್ ಗಂಭೀರವಾಗಿ ಕೇಳಿ ಒಂದೇ ಪ್ರಶ್ನೆ ಹಾಕಿದರು. ಸಿಂಚನಾಳ ಮುಖ ನೋಡಿದೆ.

"ಯಾವ ಬಣ್ಣ ಅಂತ ಕೇಳ್ತಿದ್ದಾರೆ."

"ಗಿಳಿ ಹಸಿರು" ಎಂದೆ. ಕಣ್ಣಲ್ಲಿ ನೀರಿದ್ದರೂ ಹುಡುಗಿಯ ಮೂಗು ಸುಕ್ಕಾಯಿತು. ಅನುವಾದ ಮಾಡಿದಳು. ಮುದುಕಿ ಎದೆಗೆ ಕೈಯಿಟ್ಟುಕೊಂಡು ಬಹಳ ಮೆಚ್ಚಿದರು.

ಆಮೇಲೆ ಅವರು ಅವಳ ಕಡೆ ತಿರುಗಿದರು. ಅವಳು ಹೇಳತೊಡಗಿದಳು, ನಿಲ್ಲಿಸಲೇ ಇಲ್ಲ. ನನಗೆ ತಿಳಿದದ್ದು ಊರುಗಳ ಹೆಸರು ಮಾತ್ರ, ಬಸ್ಸಿನ ಕಂಡಕ್ಟರು ಕೂಗಿದ ಹಾಗೆ. ಅಜೈಬಾ, ಸೊಹಾರ್, ಸೀಬ್. ಕಡೆಗೆ ಮೈಸೂರು. ಅದರ ಮುಂದೆ ಏನಂದಳೋ ತಿಳಿಯಲಿಲ್ಲ, ಯಾಕೆಂದರೆ ಆ ಮಾತನ್ನು ಅವಳು ಉಮ್ಮ್ ಸಾಲಿಮ್ ಮಡಿಲಲ್ಲಿ ಮುಖವಿಟ್ಟು ಹೇಳಿದಳು. ಅವರು ಅವಳ ಬೆನ್ನು ಸವರುತ್ತಾ ನನ್ನತ್ತ ನೋಡಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ಹೌದಿತ್ತೋ ಇಲ್ಲವಿತ್ತೋ, ದೇವರಿಗೇ ಗೊತ್ತು.

ಮತ್ತೆ ಡಾಂಬರಿನ ಹತ್ತಿರ

ವಾಪಸು ಬರುವಾಗ ನಾನು ಏನೂ ಕೇಳಲಿಲ್ಲ. ನನ್ನ ಸ್ವಭಾವ ಬಲ್ಲವರು ಇದನ್ನು ನಂಬಲಿಕ್ಕಿಲ್ಲ. ನಾಲಿಗೆಯ ತುದಿಯವರೆಗೂ ಬಂದದ್ದನ್ನು ನುಂಗಿಕೊಂಡೇ ನಡೆದೆ. ಸಿಂಚನಾ ಈ ಸಲ ಮುಂದೆ ಓಡಲಿಲ್ಲ. ದಾರ ಸುತ್ತಿದ ಬೂಟಿನ ಮೇಲೆ ಕಣ್ಣಿಟ್ಟು, ಇಳಿಜಾರು ಬಂದಾಗಲೆಲ್ಲ ನನ್ನ ಕೈ ಹಿಡಿದಳು. ಇಳಿಜಾರು ಮುಗಿದ ಮೇಲೂ ಕೆಲವು ಕಡೆ ಬಿಡಲಿಲ್ಲ.

ನಮ್ಮನ್ನು ದೂರದಿಂದಲೇ ನೋಡಿ ವಿನುತಾ ಕುಂಟುತ್ತಾ ಎದುರಿಗೆ ಬಂದಳು. ಕೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು. "ಏನಾಯ್ತಕ್ಕ?" ಎಂದಳು.

"ಮಾ ಶೈ" ಎಂದೆ. "ಮೊದಲು ಕಾಫಿ ಕೊಡು."

ಪಾಪ, ಅವಳಿಗೆ ತಲೆಬುಡ ತಿಳಿಯಲಿಲ್ಲ. ಫ್ಲಾಸ್ಕು ತೆಗೆದು ಸ್ಟೀಲ್ ಲೋಟಗಳಿಗೆ ಬಗ್ಗಿಸಿದಳು. ಹಾಲು, ಸಕ್ಕರೆ, ಡಿಕಾಕ್ಷನ್ ಎಲ್ಲ ಇದ್ದ ಕಾಫಿ. ನನ್ನ ಹೊಟ್ಟೆಯಲ್ಲಿ ಒಂದು ಗುಟುಕಿಗೂ ಜಾಗವಿರಲಿಲ್ಲ, ಆದರೂ ಕುಡಿದೆ. ಸಿಂಚನಾ ನಿಧಾನವಾಗಿ ಕುಡಿದಳು. ಸಮುದ್ರ ನೋಡುತ್ತಾ ಕುಡಿದಳು, ಗೋಪುರ ನೋಡುತ್ತಾ ಕುಡಿದಳು. ಲೋಟದ ತಳ ಕಂಡಿತು. ವಿನುತಾ ಇನ್ನೊಂದು ಸ್ವಲ್ಪ ಹಾಕಲಾ ಎಂದು ಫ್ಲಾಸ್ಕು ಬಗ್ಗಿಸಿದಳು.

ಹುಡುಗಿ ಲೋಟವನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಳು. ಅಮ್ಮನನ್ನಲ್ಲ, ನನ್ನನ್ನು ನೋಡಿದಳು.

"ಸಮಾಚಾರ ಏನಂದ್ರೆ ದೊಡ್ಡಮ್ಮ, ಗಿಳಿ ಹಸಿರು ಬೇಡ. ನಾನು ಆ ರೂಮಲ್ಲಿ ಮಲಗಲ್ಲ. ನಾವು ಹೋಗೋ ಮುಂಚೆ ಬದಲಾಯಿಸಿ."

ವಿನುತಾ ಇವಳ ಮುಖ, ನನ್ನ ಮುಖ ನೋಡಿ, ಯಾವ ಹಸಿರು, ಏನು ಮಾತಾಡ್ತಿದೀರಾ ಇಬ್ಬರೂ ಎಂದಳು. ನಾನು ಹೇಳುವ ಸ್ಥಿತಿಯಲ್ಲಿರಲಿಲ್ಲ. ಕಾಫಿ ನೆತ್ತಿಗೇರಿತ್ತು, ಕಣ್ಣು ಮೂಗು ಎಲ್ಲ ಒಂದಾಗಿ ಹರಿಯುತ್ತಿದ್ದವು. ಸಿಂಚನಾ ನನ್ನ ಬೆನ್ನು ತಟ್ಟುತ್ತಿದ್ದಳು. ಉಸಿರು ಬಂದ ಮೇಲೆ, ಮತ್ತೆ ಯಾವ ಬಣ್ಣ ಬೇಕು ಹೇಳೇ ಎಂದು ನೇರವಾಗಿಯೇ ಕೇಳಿದೆ. ಅವಳು ಕೊಲ್ಲಿಯ ಆಚೆಗೆ ಬೆರಳು ತೋರಿಸಿದಳು. ಸಂಜೆಯ ಬಿಸಿಲಲ್ಲಿ ಗೋಪುರ ಕಾಣುತ್ತಿತ್ತು.

ಮಣ್ಣಿನ ಬಣ್ಣ! ಮಲಗುವ ಕೋಣೆಗೆ ಯಾರಾದರೂ ಅದನ್ನು ಹೊಡೆಸುತ್ತಾರೆಯೇ? ಅಷ್ಟು ಚೆಂದದ ಗಿಳಿ ಹಸಿರನ್ನು ಬಿಟ್ಟು! ಅಜೈಬಾ ತಲುಪಿದ ಕೂಡಲೇ ಬೂಟಿನ ದಾರವನ್ನೂ ಬಿಚ್ಚದೆ ಮೈಸೂರಿನ ಪೇಂಟರ್‌ಗೆ ಫೋನ್ ಮಾಡಿದೆ.